ಇಂಗ್ಲಿಷ್ ಹುಡುಗಿಯ ಪ್ಲೇಟು

ಮದುವೆ ಮನೆಯಲ್ಲಿ ಮೊದಲನೇ ಪಂಕ್ತಿಯವರು ಹೋಳಿಗೆ ಮೇಲೆ ಹೋಳಿಗೆ ಹಾಕಿಸಿಕೊಳ್ಳುತ್ತ, ಏಳುವ ಲಕ್ಷಣವೇ ತೋರದೆ ಕೂತುಬಿಟ್ಟರೆ, ಅಡಿಗೆಯವರು ಚಪ್ಪರದ ಮೂಲೆಗೆ ಒಂದು ಮಾತು ಕಳಿಸುತ್ತಿದ್ದರು: ‘ಇಂಗ್ಲಿಷ್ ಹುಡುಗೀನ ಹಾಕ್ರಿ.’

ಆ ಮೂಲೆಯಲ್ಲಿ ಚನ್ನಗಿರಿಯ ಮೈಕ್‌ಸೆಟ್ ವಿರೂಪಾಕ್ಷಪ್ಪನವರು ಆಂಪ್ಲಿಫೈಯರು, ಬ್ಯಾಟರಿ, ಹಾಡಿನ ಪ್ಲೇಟುಗಳ ಟ್ರಂಕು ಎಲ್ಲ ಹರಡಿಕೊಂಡು ಕೂತಿರುತ್ತಿದ್ದರು. ಅವರು ತಲೆಯಾಡಿಸಿದರೆ ಆಪರೇಟರ್ ಸಣ್ಣತಿಮ್ಮಪ್ಪ ಟ್ರಂಕಿನ ತಳದಿಂದ ಒಂದು ದೊಡ್ಡ ಪ್ಲೇಟು ತೆಗೆಯುತ್ತಿದ್ದ. ಉಳಿದವೆಲ್ಲ ಅಂಗೈಯಗಲದ ಸಿನಿಮಾ ಪ್ಲೇಟುಗಳು, ದೊಡ್ಡದು ಅದೊಂದೇ. ಬೇವಿನ ಮರಕ್ಕೆ ಕಟ್ಟಿದ ಹಾರ್ನಿನಿಂದ ಒಬ್ಬ ಹುಡುಗಿಯ ಸಣ್ಣ, ಚೂಪು, ಅವಸರದ ದನಿ ಹೊರಬೀಳುತ್ತಿತ್ತು. ಏನು ಹಾಡುತ್ತಾಳೆಂದು ಯಾರಿಗೂ ತಿಳಿಯದು. ಆದರೆ ಉಣ್ಣುವ ಕೈಗಳಿಗೆ ಮಾತ್ರ ಆ ತಾಳ ತಿಳಿಯುತ್ತಿತ್ತು. ಅನ್ನ ಕಲಸುವುದು ಚುರುಕಾಗಿ, ಮಜ್ಜಿಗೆ ಸುರಿದುಕೊಳ್ಳುವುದು ಚುರುಕಾಗಿ, ಎರಡು ಹಾಡು ಮುಗಿಯುವುದರೊಳಗೆ ಎಲೆಗಳು ಮಡಚಿಕೊಳ್ಳುತ್ತಿದ್ದವು. ಹೊನ್ನಾಳಿಯ ಒಂದು ಮದುವೆಯಲ್ಲಿ ಹಿರಿಯರೊಬ್ಬರು ಕೈ ತೊಳೆಯುತ್ತ, ‘ಈ ಹುಡುಗಿ ಹಿಂದೆ ಯಾರೋ ಬೆನ್ನು ಹತ್ತ್ಯಾರೆ ಕಣ್ರಿ, ಇಲ್ದಿದ್ರೆ ಇಷ್ಟು ಅವಸರ ಯಾಕೆ’ ಎಂದಿದ್ದರಂತೆ. ನ್ಯಾಮತಿಯವರಂತೂ ವೀಳ್ಯ ಕೊಟ್ಟು ಮೈಕ್‌ಸೆಟ್ ಗೊತ್ತುಮಾಡುವಾಗಲೇ ಆ ಹುಡುಗಿ ಬರ್ತಾಳೋ ಇಲ್ಲವೋ ಎಂದು ಕೇಳಿಕೊಂಡು ಹೋಗುತ್ತಿದ್ದರು.

ಇದೆಲ್ಲ ನಲವತ್ತೈದು ವರ್ಷದ ಹಿಂದಿನ ಮಾತು. ವಿರೂಪಾಕ್ಷಪ್ಪನವರ ಒಬ್ಬಳೇ ಮಗಳು ಹೇಮಾವತಿಗೆ ಈಗ ಐವತ್ತನಾಲ್ಕು. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಚನ್ನಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಕಿಟಕಿ ಪಕ್ಕ ಹೊಲಿಗೆ ಮಿಷನ್ನು. ಬಟ್ಟೆ ಅಂಗಡಿಯವರು ಕೊಡುವ ಲಂಗ ಹೊಲಿಯುವುದು, ರವಿಕೆಗೆ ಹುಕ್ಕು ಹಚ್ಚುವುದು.

ಮಗಳು ಸಂಧ್ಯಾರಾಣಿ ಹೆರಿಗೆಗೆಂದು ಬಂದು ಐದು ತಿಂಗಳು ಇದ್ದಳು. ಆ ಐದು ತಿಂಗಳು ಮಿಷನ್ನಿಗೆ ಬಟ್ಟೆ ಹೊದೆಸಿಯೇ ಇತ್ತು. ಎಣ್ಣೆ ಸ್ನಾನ, ಸಾಂಬ್ರಾಣಿ ಹೊಗೆ, ಕೂಸಿನ ಬಟ್ಟೆ ಒಗೆದು ಹರವುವುದು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಆಮೇಲೆ ಪದ್ಧತಿಯಂತೆ ತೊಟ್ಟಿಲು ಸಮೇತ ಮಗಳನ್ನೂ ಮೊಮ್ಮಗನನ್ನೂ ಗಂಡನ ಮನೆ ನ್ಯಾಮತಿಗೆ ಕಳಿಸಿಕೊಟ್ಟದ್ದಾಯಿತು. ತೊಟ್ಟಿಲು ಹೋಯಿತು, ಅದನ್ನು ತೂಗುಹಾಕಿದ್ದ ಕೊಕ್ಕೆ ಉಳಿಯಿತು. ಹೊಲಿಯುತ್ತ ಕತ್ತು ಎತ್ತಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು.

ಹೋದ ಹದಿನೈದು ದಿನಕ್ಕೆ ಸಂಧ್ಯಾ ಫೋನು ಮಾಡಿದಳು. ಕೂಸು ಮಲಗಲು ಒಲ್ಲದು, ಅತ್ತೆ ಹಾಡಿದರೂ ಅಷ್ಟೇ, ತಾನು ಹಾಡಿದರೂ ಅಷ್ಟೇ.

‘ಅವ್ವಾ, ನೀನು ಬಾಯಿ ಮುಚ್ಚಿಕೊಂಡು ಗುನುಗ್ತಿದ್ದೆಯಲ್ಲ, ಮಾತೇ ಇಲ್ಲದ್ದು, ಅದನ್ನ ಹಾಡಿ ವಾಟ್ಸಾಪಿಗೆ ಕಳಿಸು. ಪೂರ್ತಿ ಕಳಿಸು ಮತ್ತೆ. ನೀನು ಯಾವಾಗ್ಲೂ ಅರ್ಧಕ್ಕೇ ಬಿಡ್ತಿದ್ದೆ.’

ಹೇಮಾವತಿ ಹೂಂ ಅಂದಳು. ಫೋನು ಇಟ್ಟ ಮೇಲೆ ಬಾಗಿಲು ಹಾಕಿಕೊಂಡು ಗುನುಗಿ ನೋಡಿದಳು. ಅಳಿಸಿದಳು. ಮತ್ತೆ ಗುನುಗಿದಳು, ಮತ್ತೆ ಅಳಿಸಿದಳು.

ಅದು ಅವಳ ತಾಯಿ ಕೊಟ್ರಮ್ಮನ ರಾಗ. ಕೊಟ್ರಮ್ಮ ಮಾತಿನವಳಲ್ಲ. ಊರೂರ ಚಪ್ಪರಕ್ಕೆಲ್ಲ ಹಾಡು ತುಂಬಿ ಬರುತ್ತಿದ್ದ ಗಂಡ ಮನೆಗೆ ಬಂದರೆ ‘ಕಿವಿ ತುಂಬೈತೆ, ಇಲ್ಲಿ ಸದ್ದು ಬ್ಯಾಡ’ ಎನ್ನುತ್ತಿದ್ದರು. ಹಾಗಾಗಿ ಚನ್ನಗಿರಿಯಲ್ಲೆಲ್ಲ ಸದ್ದಿಲ್ಲದ ಮನೆ ಯಾವುದೆಂದರೆ ಮೈಕ್‌ಸೆಟ್‌ನವರ ಮನೆಯೇ. ಕೊಟ್ರಮ್ಮ ಅಕ್ಕಿ ಆರಿಸುವಾಗ, ಹೂಬತ್ತಿ ಹೊಸೆಯುವಾಗ, ಮಗಳ ತಲೆ ಬಾಚುವಾಗ ಮೂಗಿನಲ್ಲೇ ಅದನ್ನು ಗುನುಗುತ್ತಿದ್ದಳು. ಬಾವಿಯ ಮೆಟ್ಟಿಲು ಹತ್ತಿ ಬರುವವರ ಹಾಗೆ ನಿಧಾನವಾಗಿ, ಒಂದೊಂದೇ ಹೆಜ್ಜೆ ಮೇಲಕ್ಕೆ ಹೋಗುವ ರಾಗ. ತುದಿಗೆ ಬಂದು ಒಂದು ಕ್ಷಣ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ?

ಮುಂದಿನದು ಹೇಮಾವತಿಗೆ ನೆನಪಿರಲಿಲ್ಲ. ತುದಿ ತಲುಪಿದ್ದೇ ತಡ ಅವಳ ಗಂಟಲು ಜಾರಿ ಮತ್ತೆ ನಡುವಿನ ಮೆಟ್ಟಿಲಿಗೆ ಬಂದು ನಿಲ್ಲುತ್ತಿತ್ತು. ಹತ್ತಿದ್ದು ಇಳಿಯಬೇಕಲ್ಲ, ಇಳಿಯುವ ಭಾಗ ಇದ್ದೇ ಇತ್ತು, ತಾನೇ ಕಳೆದುಹಾಕಿದೆ ಎಂದು ಅವಳಿಗೆ ಖಾತ್ರಿ. ಅವ್ವ ಹೋಗಿ ಇಪ್ಪತ್ತೈದು ವರ್ಷವಾಗಿತ್ತು. ಇದ್ದ ಒಂದು ಫೋಟೋದಲ್ಲೂ ಯಾರದೋ ಮದುವೆಯ ಗುಂಪಿನಲ್ಲಿ ಅರ್ಧ ಮುಖ. ಅವ್ವನದು ಅಂತ ಉಳಿದದ್ದು ಇದೊಂದು ರಾಗ. ಅದನ್ನೂ ಅರ್ಧ ಮಾಡಿಕೊಂಡು ಕೂತೆನಲ್ಲ ಎಂಬ ಸಂಕಟ ಅವಳನ್ನು ಹಿಡಿಯಿತು. ಹುಕ್ಕು ಹಚ್ಚುವಾಗ, ಸಾರಿಗೆ ಒಗ್ಗರಣೆ ಹಾಕುವಾಗ ಅದೇ ಹತ್ತುವುದು, ಅದೇ ಜಾರುವುದು. ತೋಡಿಕೊಳ್ಳಲು ಮನೆಯಲ್ಲಿ ಇನ್ನೊಂದು ಜೀವ ಇರಲಿಲ್ಲ.

ಅಪ್ಪನೂ ಇಲ್ಲ. ಅವ್ವನ ಆ ರಾಗ ಕೇಳಿದವರು ಬದುಕಿರುವವರಲ್ಲಿ ಯಾರು? ಯೋಚಿಸುತ್ತ ಹೋದರೆ ಸಿಕ್ಕಿದ್ದು ಒಂದೇ ಹೆಸರು. ಸಣ್ಣತಿಮ್ಮಪ್ಪ. ಎಂಟು ವರ್ಷ ಅವರ ಮನೆಯಲ್ಲಿ ಉಂಡವನು. ಕ್ಯಾಸೆಟ್ಟಿನ ಕಾಲ ಬಂದು ಪ್ಲೇಟುಗಳನ್ನು ಕೇಳುವವರಿಲ್ಲವಾದಾಗ ಅಪ್ಪ ಪ್ಲೇಟು ಹಾಕುವ ಪ್ಲೇಯರನ್ನು ಅವನಿಗೇ ಕೊಟ್ಟು ಕಳಿಸಿದ್ದರು. ಪ್ಲೇಟುಗಳ ಟ್ರಂಕು ಇಲ್ಲೇ ಉಳಿದಿತ್ತು. ಅವನು ತನ್ನ ಊರು ಜಗಳೂರಿಗೆ ಹೋಗಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆಂದು ಕೇಳಿದ್ದಳು. ಎಲೆಕ್ಟ್ರಿಕಲ್ ಅಂಗಡಿಯ ರಮೇಶ್ ಅಲ್ಲಿ ಇಲ್ಲಿ ವಿಚಾರಿಸಿ ನಂಬರು ಹುಡುಕಿಕೊಟ್ಟ.

ಫೋನಿನಲ್ಲಿ ಬಂದದ್ದು ಮುದುಕನ ದನಿ. ಯಾರ ಮಗಳೆಂದು ಹೇಳುವವರೆಗೂ ‘ಯಾರ್ರಿ, ಯಾರ್ರಿ’ ಎನ್ನುತ್ತಿದ್ದವನು ಹೇಳಿದ ಮೇಲೆ ‘ಹೇಮವ್ವನಾ’ ಎಂದ. ಹೇಮಾವತಿ ವಿಷಯ ಹೇಳಿ, ನಾಚಿಕೆಯಿಂದಲೇ ನಾಲ್ಕು ಮೆಟ್ಟಿಲು ಗುನುಗಿದಳು.

ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, ‘ಹೇಮವ್ವ, ಆ ದೊಡ್ಡ ಪ್ಲೇಟು ಐತಾ ನಿಮ್ಮತ್ರ?’

‘ಇಂಗ್ಲಿಷ್ ಹುಡುಗೀದಾ? ಇರಬೇಕು ತಿಮ್ಮಣ್ಣ. ಯಾಕೆ?’

‘ತಗಂಡು ಬರ್ರಿ. ಫೋನಾಗೆ ಹೇಳಾಕೆ ಬರಾಕಿಲ್ಲ ಅದು.’

ಮಂಚದ ಕೆಳಗಿನ ಟ್ರಂಕು ಎಳೆದು ನೋಡಿದರೆ ಪ್ಲೇಟು ತಳದಲ್ಲೇ ಇತ್ತು. ರಟ್ಟಿನ ಹೊದಿಕೆಯ ಮೇಲೆ ಒಬ್ಬ ಯುವಕ. ಬರೀ ಕೋಣೆ, ಕಬ್ಬಿಣದ ಮಂಚ, ಅದರ ಅಂಚಿನಲ್ಲಿ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಾನೆ. ಅಪ್ಪ ಬೆಂಗಳೂರಿನಿಂದ ಹಳೆಯ ಪ್ಲೇಟುಗಳ ಒಂದು ಗಂಟು ತಂದಾಗ ಅದರೊಳಗೆ ಬಂದು ಸೇರಿದ್ದು ಇದು. ಹುಡುಗಿ ಹಾಡ್ತಾಳೆ, ಫೋಟೋದಲ್ಲಿ ಗಂಡಸು ಯಾಕೆ ಎಂದು ಹೇಮಾವತಿ ಸಣ್ಣವಳಿದ್ದಾಗ ಕೇಳಿದ್ದಕ್ಕೆ ಅಪ್ಪ ವಿವರಿಸಿದ್ದರು: ‘ಮರ್ಯಾದಸ್ಥರ ಮನೆ ಹುಡುಗಿ ಕಣವ್ವ. ಅವಳ ಫೋಟೋ ಹಾಕ್ತಾರಾ? ಅಣ್ಣಂದು ಹಾಕ್ಯಾರೆ.’ ಮನೆಯವರೆಲ್ಲ ಅದನ್ನೇ ನಂಬಿದ್ದರು.

ಅವಳು ಹೊದಿಕೆಯ ಫೋಟೋ ತೆಗೆದು ಮಗಳಿಗೆ ಕಳಿಸಿದಳು. ಸಂಧ್ಯಾ ಅರ್ಧ ಗಂಟೆಯಲ್ಲಿ ಹುಡುಕಿ ತಿರುಗಿ ಫೋನು ಮಾಡಿದಳು. ಹಾಡಿದವನ ಹೆಸರು ಟೆಡ್ಡಿ ವೆಲ್ಡನ್, ಅಮೆರಿಕದವನು. ಅಲ್ಲಿ ರಾಕ್ ಅಂಡ್ ರೋಲ್ ಎಂಬ ಕುಣಿತದ ಹಾಡು ಶುರುವಾದ ಕಾಲದಲ್ಲಿ, ಹದಿನೇಳನೇ ವಯಸ್ಸಿಗೇ ಹೆಸರು ಮಾಡಿದ್ದನಂತೆ. ಹುಡುಗಿಯರು ಬೆನ್ನು ಹತ್ತಿ ಅಂಗಿ ಹರಿಯುತ್ತಿದ್ದರಂತೆ. ಅವನ ಆ ಹಾಡುಗಳೆಲ್ಲ ಈಗಲೂ ಫೋನಿನಲ್ಲಿ ಸಿಗುತ್ತವೆ. ಏಳೆಂಟು ವರ್ಷಕ್ಕೆ ಜನ ಬೇರೆಯವರ ಹಿಂದೆ ಹೋದರು. ಆಮೇಲೆ ಒಬ್ಬನೇ ಒಂದು ಗಿಟಾರು ಹಿಡಿದು ಹಾಡಿದ್ದು ಈ ಪ್ಲೇಟು. ಇದರ ಹೆಸರು ‘ರೂಮ್ಸ್ ಬೈ ದ ವೀಕ್’, ಅಂದರೆ ವಾರದ ಬಾಡಿಗೆಗೆ ಸಿಗುವ ಕೋಣೆಗಳು. ಯಾರೂ ಕೊಳ್ಳಲಿಲ್ಲ. ಇದರ ಹಾಡು ಎಲ್ಲಿಯೂ ಸಿಗುವುದಿಲ್ಲ. ಹೀಗೊಂದು ಇತ್ತು ಎಂದು ಒಂದು ಸಾಲು ಬರೆದಿದ್ದಾರೆ, ಅಷ್ಟೆ.

‘ಗಂಡಸು ಹೆಂಗಾಗ್ತಾನೆ?’ ಅಂದಳು ಹೇಮಾವತಿ. ‘ನಾನು ನೂರು ಸಲ ಕೇಳೀನಿ. ಹುಡುಗಿ ದನಿ ಕಣೆ.’

‘ಹಂಗಾದ್ರೆ ಅಮೆರಿಕದವರಿಗೇ ತಪ್ಪು ಗೊತ್ತೈತೆ ಬಿಡವ್ವ’ ಎಂದು ಸಂಧ್ಯಾ ನಕ್ಕಳು. ಹಿಂದೆ ಕೂಸು ಅಳತೊಡಗಿತು. ಆಮೇಲೆ ಮಾಡ್ತೀನಿ ಎಂದು ಇಟ್ಟಳು. ಆಮೇಲೆ ಮಾಡಲಿಲ್ಲ. ಕೂಸಿನ ತಾಯಿಗೆ ಬಿಡುವೆಲ್ಲಿ, ಹೇಮಾವತಿಗೆ ಅದು ಗೊತ್ತಿಲ್ಲದ್ದೇನಲ್ಲ.

ಸೋಮವಾರ ಬೆಳಗ್ಗೆ ದಾವಣಗೆರೆ ಬಸ್ಸು ಹಿಡಿದಳು. ಪ್ಲೇಟನ್ನು ಟವೆಲ್ಲಿನಲ್ಲಿ ಸುತ್ತಿ, ಕೈಚೀಲಕ್ಕೆ ಹಾಕಿ, ಕೂಸನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡಳು. ಪಕ್ಕದ ಸೀಟಿನ ಹೆಂಗಸು ಚೀಲವನ್ನೇ ನೋಡಿ ನೋಡಿ, ಕೊನೆಗೆ ತಡೆಯಲಾರದೆ ಅದು ದೋಸೆ ಹಂಚೇ ಎಂದು ಕೇಳಿದಳು. ಹಾಡಿನ ಪ್ಲೇಟು ಎಂದರೆ ಇನ್ನಷ್ಟು ಅನುಮಾನದಿಂದ ನೋಡಿ ಕಿಟಕಿಯ ಕಡೆ ತಿರುಗಿದಳು. ದಾವಣಗೆರೆಯಲ್ಲಿ ಇಳಿದು ಜಗಳೂರು ಬಸ್ಸು ಹತ್ತಿದ ಮೇಲೆ ತೋಟಗಳು ಮುಗಿದು ಕಟಾವಾದ ಮೆಕ್ಕೆಜೋಳದ ಹೊಲಗಳು ಬಂದವು. ಒಂದು ಕಡೆ ಕುರಿಮಂದೆ ರಸ್ತೆ ದಾಟುವವರೆಗೂ ಬಸ್ಸು ನಿಂತಿತು. ಅವಳು ಬಾಯೊಳಗೇ ಮೆಟ್ಟಿಲು ಹತ್ತಿದಳು, ಜಾರಿದಳು.

ಸಣ್ಣತಿಮ್ಮಪ್ಪ ಬಸ್‌ಸ್ಟ್ಯಾಂಡಿಗೇ ಬಂದು ನಿಂತಿದ್ದ. ಎಪ್ಪತ್ತು ದಾಟಿತ್ತು, ಬೆನ್ನು ಬಾಗಿತ್ತು. ಅವಳನ್ನು ನೋಡಿ, ನಿಮ್ಮ ಅಮ್ಮಾರ ಹಣೆಯೇ ಬಂದಿದೆ ಎಂದ. ಮನೆಯ ಮುಂದಿನ ಕೋಣೆಯೇ ಹಿಂದೆ ಅವನ ಅಂಗಡಿಯಾಗಿತ್ತು. ಹೊಟ್ಟೆ ಬಿಚ್ಚಿದ ಟಿವಿಗಳು ಗೋಡೆ ಪಕ್ಕ ಇನ್ನೂ ಕೂತಿದ್ದವು. ಅವನ ಹೆಂಡತಿ ಅಂಜಿನಮ್ಮ ಮಂಡಕ್ಕಿ, ಚಾ ತಂದಿಟ್ಟು, ಎರಡು ದಿನದಿಂದ ಆ ಪೆಟ್ಟಿಗೆ ಒರೆಸಿದ್ದೇ ಒರೆಸಿದ್ದು, ನನ್ನ ಮುಖ ಒಂದು ದಿನ ಇಷ್ಟು ನೋಡಿಲ್ಲ ಎಂದು ಗಂಡನನ್ನು ಕೆಣಕಿ ಒಳಗೆ ಹೋದಳು.

ಮೇಜಿನ ಮೇಲೆ ಪ್ಲೇಯರು. ಹೇಮಾವತಿ ಅದನ್ನು ನೋಡಿ ಮೂವತ್ತೈದು ವರ್ಷವಾಗಿತ್ತು. ಬದಿಯಲ್ಲಿ ವೇಗ ಬದಲಿಸುವ ಸಣ್ಣ ಕಡ್ಡಿ, ಅದಕ್ಕೆ ಬಿಗಿಯಾಗಿ ಸುತ್ತಿದ ತಾಮ್ರದ ತಂತಿ. ಆ ತಂತಿ ಅವಳಿಗೆ ನೆನಪಿತ್ತು. ಗಾಡಿಯ ಕುಲುಕಿಗೆ ಕಡ್ಡಿ ತಾನಾಗಿ ಜಾರಿ, ಮದುವೆಯ ನಡುವೆ ಹಾಡು ಎಳೆದಾಡುತ್ತದೆಂದು ಅಪ್ಪ ಅದನ್ನು ಸಿನಿಮಾ ಪ್ಲೇಟುಗಳ ವೇಗಕ್ಕೆ ಕಟ್ಟಿಬಿಟ್ಟಿದ್ದರು.

ಸಣ್ಣತಿಮ್ಮಪ್ಪ ದೊಡ್ಡ ಪ್ಲೇಟನ್ನು ಪಂಚೆಯ ಅಂಚಿನಿಂದ ಒರೆಸಿ, ಇಟ್ಟು, ಪಿನ್ನು ಬಿಟ್ಟ. ಹುಡುಗಿ ಹಾಡತೊಡಗಿದಳು. ಅದೇ ಚೂಪು ದನಿ, ಅದೇ ಅವಸರ. ಹೇಮಾವತಿಗೆ ನಗು ಬಂತು. ಬೇವಿನ ಮರ, ಹಾರ್ನು, ಅಡಿಗೆಯವರು, ಬಿಳಿ ಅಂಗಿಯ ಅಪ್ಪ, ಎಲ್ಲ ಒಟ್ಟಿಗೆ ಬಂದು ಕಣ್ಣು ಒದ್ದೆಯಾಯಿತು. ಒಂದು ಹಾಡು ಮುಗಿಯಿತು. ಆದರೆ ಇದಕ್ಕಾಗಿ ಅವಳು ಬಂದಿರಲಿಲ್ಲ.

‘ತಿಮ್ಮಣ್ಣ, ಅವ್ವ ಗುನುಗ್ತಿದ್ದದ್ದು ಇದಲ್ಲ.’

‘ಹೂಂನವ್ವ. ಅಮ್ಮಾರು ಇದನ್ನ ಹಿಂಗೆ ಕೇಳ್ತಿರಲಿಲ್ಲ.’

ಅವನು ಪಿನ್ನು ಎತ್ತಿಟ್ಟು, ಕನ್ನಡಕ ಹಾಕಿಕೊಂಡು, ತಾಮ್ರದ ತಂತಿಯನ್ನು ಒಂದೊಂದೇ ಸುತ್ತು ಬಿಚ್ಚತೊಡಗಿದ. ಬಿಚ್ಚುತ್ತಲೇ ಹೇಳಿದ.

ಆಷಾಢದಲ್ಲಿ ಮದುವೆಗಳಿಲ್ಲ, ಸೆಟ್ಟು ಮನೆಯಲ್ಲೇ ಇರುತ್ತಿತ್ತು. ಯಜಮಾನರು ಮಂಡಿಯ ಕಡೆ ಹೋಗುತ್ತಿದ್ದರು, ಹೇಮಾವತಿ ಶಾಲೆಗೆ. ಒಂದು ಮಧ್ಯಾಹ್ನ ಬ್ಯಾಟರಿ ಒಯ್ಯಲು ಬಂದವನಿಗೆ ಒಳಗಿನಿಂದ ಗಂಡಸಿನ ದನಿ ಕೇಳಿಸಿತು. ಯಾರೋ ನೆಂಟರು ಬಂದಿರಬೇಕೆಂದು ಇಣುಕಿದರೆ ಯಾರೂ ಇಲ್ಲ. ಕೊಟ್ರಮ್ಮ ಬಾಗಿಲಿಗೆ ಬೆನ್ನು ಮಾಡಿ, ತೊಡೆಯ ಮೇಲೆ ಹತ್ತಿ ಇಟ್ಟುಕೊಂಡು, ಪ್ಲೇಯರಿಗೆ ಕಿವಿ ತಾಗುವಷ್ಟು ಹತ್ತಿರ ಕೂತಿದ್ದಳು. ಪಿಸುಮಾತಿನಷ್ಟು ಸದ್ದು. ಅವನು ಹಾಗೇ ಹಿಂದೆ ಸರಿದ. ಮರುದಿನ ನೋಡಿದರೆ ತಂತಿ ಉಲ್ಟಾ ಸುತ್ತಿತ್ತು. ಅವಳು ಬಿಚ್ಚುತ್ತಿದ್ದಳು, ಕೇಳುತ್ತಿದ್ದಳು, ಮತ್ತೆ ಸುತ್ತಿಡುತ್ತಿದ್ದಳು.

‘ಒಂದ್ಸಲ ಅವರೇ ಅಂದ್ರು. ತಿಮ್ಮಪ್ಪ, ಯಜಮಾನ್ರಿಗೆ ಹೇಳಬ್ಯಾಡ, ಪಿನ್ನು ಸವೀತೈತೆ ಅಂತಾರೆ, ಅಂತ. ನಾನು ಹೇಳಲಿಲ್ಲ. ಆಷಾಢ ಬಂತಂದ್ರೆ ಹೊಸ ಪಿನ್ನು ಹಾಕಿಟ್ಟು ಬರ್ತಿದ್ದೆ, ಅಷ್ಟೇ.’

‘ಅವ್ವಂಗೆ ಹೆಂಗೆ ಗೊತ್ತಾತು, ವೇಗ ತಪ್ಪೈತೆ ಅಂತ?’

‘ಫೋಟೋ ನೋಡಿ. ಇಷ್ಟು ಸುಮ್ನೆ ಕೂತಿರೋನು ಹಂಗೆ ಕಿರುಚಾಕಿಲ್ಲ ತಿಮ್ಮಪ್ಪ, ಅಂದ್ರು.’

ಅವನು ಕಡ್ಡಿಯನ್ನು ಒಂದು ಮನೆ ಹಿಂದಕ್ಕೆ, ದೊಡ್ಡ ಪ್ಲೇಟಿನ ನಿಧಾನದ ವೇಗಕ್ಕೆ ಸರಿಸಿದ. ನಾಲ್ಕನೇ ಹಾಡಿನ ಅಂಚು ಹುಡುಕಿ ಪಿನ್ನು ಬಿಟ್ಟ.

ಮೊದಲು ಗಿಟಾರಿನ ಒಂದೊಂದೇ ತಂತಿ. ಆಮೇಲೆ ಒಬ್ಬ ಗಂಡಸು. ಯಾರನ್ನೂ ಕರೆಯದೆ, ಯಾರಿಗೂ ಕೇಳಿಸಬೇಕೆಂಬ ಹಟವಿಲ್ಲದೆ, ಖಾಲಿ ಕೋಣೆಯಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದ. ಹೇಮಾವತಿಗೆ ಮಾತು ತಿಳಿಯಲಿಲ್ಲ. ಆದರೆ ಎರಡನೇ ಮೆಟ್ಟಿಲಿಗೇ ಅವಳ ಕೈ ಎದೆಗೆ ಹೋಯಿತು. ಅಕ್ಕಿ ಆರಿಸುವ ಮೊರದ ಸದ್ದು, ತಲೆಯಲ್ಲಿ ಬಾಚಣಿಗೆ, ಕುತ್ತಿಗೆಯ ಹತ್ತಿರ ಅವ್ವನ ಬಿಸಿ ಉಸಿರು. ಮೂರು, ನಾಲ್ಕು, ಐದು. ರಾಗ ತುದಿಗೆ ಬಂತು, ನಿಂತಿತು. ಅವಳು ಉಸಿರು ಹಿಡಿದಳು. ಇನ್ನು ಇಳಿಯುತ್ತದೆ.

ಪಿನ್ನು ಟಕ್ಕೆಂದು ಹಾರಿ ಹಿಂದಕ್ಕೆ ಬಿತ್ತು. ಹಾಡು ಮತ್ತೆ ನಡುವಿನ ಮೆಟ್ಟಿಲಿಗೆ ಬಂತು. ಮತ್ತೆ ಹತ್ತಿತು, ನಿಂತಿತು, ಟಕ್. ಮತ್ತೆ ಹತ್ತಿತು.

‘ಅಲ್ಲೊಂದು ಗೀರು ಐತೆ’ ಅಂದ ಸಣ್ಣತಿಮ್ಮಪ್ಪ. ‘ಚಪ್ಪರದಾಗೆ ಅಲ್ಲಿಗೆ ಬಂದಾಗ ನಾನು ಬೆರಳಾಗೆ ಮುಂದಕ್ಕೆ ದೂಡ್ತಿದ್ದೆ, ಯಾರಿಗೂ ಗೊತ್ತಾಗ್ತಿರಲಿಲ್ಲ. ಅಮ್ಮಾರು ದೂಡ್ತಿರಲಿಲ್ಲ. ಹಾಡೋ ಪಿನ್ನಿಗೆ ಕೈ ಹಚ್ಚಿದ್ರೆ ಪ್ಲೇಟು ಹಾಳಾಗ್ತೈತೆ ಅಂತ ಭಯ. ಅದು ಸುತ್ತಿದಷ್ಟು ಹೊತ್ತು ಕೇಳ್ತಿದ್ರು. ಸಾಕು ಅನ್ನಿಸಿದಾಗ ಸ್ವಿಚ್ಚು ತೆಗೀತಿದ್ರು.’

ಹೇಮಾವತಿ ಕೇಳುತ್ತಲೇ ಇದ್ದಳು. ಹತ್ತುವುದು, ನಿಲ್ಲುವುದು, ಜಾರುವುದು. ತನ್ನ ಗಂಟಲು ಜಾರುತ್ತಿದ್ದದ್ದು ಇದೇ ಜಾಗದಲ್ಲಿ, ಬಂದು ನಿಲ್ಲುತ್ತಿದ್ದದ್ದು ಇದೇ ಮೆಟ್ಟಿಲಲ್ಲಿ. ಅವಳು ಏನನ್ನೂ ಮರೆತಿರಲಿಲ್ಲ. ಅವ್ವನಿಗೆ ಗೊತ್ತಿದ್ದದ್ದೇ ಇಷ್ಟು. ಆಷಾಢದಿಂದ ಆಷಾಢಕ್ಕೆ, ಬಾಗಿಲಿಗೆ ಬೆನ್ನು ಮಾಡಿ ಕೂತು, ಹತ್ತಿ ಹತ್ತಿ ಅಲ್ಲಿಗೇ ಬರುತ್ತಿದ್ದಳು ಅವ್ವ. ಅಮೆರಿಕದಲ್ಲಿ ಯಾರೂ ಕೇಳದ ಪ್ಲೇಟನ್ನು ಹೊನ್ನಾಳಿ, ನ್ಯಾಮತಿಯ ಸಾವಿರಾರು ಜನ ಕೇಳಿದ್ದರು, ತಪ್ಪಾಗಿ. ಸರಿಯಾಗಿ ಕೇಳಿದವಳು ಒಬ್ಬಳೇ, ಅವಳಿಗೆ ಸಿಕ್ಕಿದ್ದು ಅರ್ಧ.

‘ದೂಡ್ಲಾ?’ ಎಂದು ಸಣ್ಣತಿಮ್ಮಪ್ಪ ಬೆರಳು ಮುಂದೆ ಮಾಡಿದ.

ಅವಳು ಇನ್ನೂ ಎರಡು ಸುತ್ತು ಹೋಗಲು ಬಿಟ್ಟು, ತಲೆಯಾಡಿಸಿದಳು.

ಅವನ ಬೆರಳಿಗೆ ಹಳೆಯ ಅಭ್ಯಾಸ ತಪ್ಪಿರಲಿಲ್ಲ. ಹಾಡು ಗೀರನ್ನು ದಾಟಿತು. ತುದಿಯಿಂದ ಮೂರೇ ಹೆಜ್ಜೆ ಕೆಳಗಿಳಿದು, ಒಂದು ಸಾಲು ಹೇಳಿ, ಗಿಟಾರಿನ ಒಂದು ತಂತಿ ಮೀಟಿ ಸುಮ್ಮನಾಯಿತು. ಆಮೇಲೆ ಬರೀ ಸರ್ರೆನ್ನುವ ಸದ್ದು.

‘ಇಷ್ಟೇನಾ?’

‘ಇಷ್ಟೇ ಕಣವ್ವ.’

ಇಷ್ಟೇ ಉಳಿದಿತ್ತು. ಒಂದು ಉಸಿರಿನಷ್ಟು. ಯಾರಾದರೂ ಪಕ್ಕದಲ್ಲಿ ಕೂತು ಒಂದು ಬೆರಳು ತಾಗಿಸಿದ್ದರೆ ಸಾಕಿತ್ತು. ತಾನೂ ಅದೇ ಮನೆಯಲ್ಲಿದ್ದೆ ಎಂದುಕೊಂಡಳು ಹೇಮಾವತಿ. ಶಾಲೆಯಿಂದ ಬರುವ ಹೊತ್ತಿಗೆ ತಂತಿ ಸುತ್ತಿ ಮುಗಿದಿರುತ್ತಿತ್ತು. ಅವ್ವ ಅಕ್ಕಿ ಆರಿಸುತ್ತಿದ್ದಳು.

ಅವಳು ಹಾಡನ್ನು ಇನ್ನೊಮ್ಮೆ ಹಾಕಿಸಿದಳು. ಈ ಸಲ ದೂಡುವುದು ಬೇಡ ಎಂದಳು. ಫೋನು ಹತ್ತಿರ ಹಿಡಿದು, ಆ ಗಂಡಸಿನ ದನಿಯ ಜೊತೆ ತಾನೂ ಬಾಯಿ ಮುಚ್ಚಿ ಗುನುಗಿದಳು. ಹತ್ತಿದಳು, ಜಾರಿದಳು, ಹತ್ತಿದಳು. ನಾಲ್ಕು ಸುತ್ತಿಗೆ ಸಣ್ಣತಿಮ್ಮಪ್ಪ ಸ್ವಿಚ್ಚು ತೆಗೆದ. ಪ್ಲೇಟು ತಿರುಗುತ್ತ ತಿರುಗುತ್ತ ನಿಂತಿತು. ಅವಳು ಅದನ್ನು ಅಳಿಸಲಿಲ್ಲ. ನ್ಯಾಮತಿಗೆ ಕಳಿಸಿದಳು.

ಹೊರಡುವಾಗ ಸಣ್ಣತಿಮ್ಮಪ್ಪ ಪ್ಲೇಯರನ್ನು ಹಳೆಯ ಸೀರೆಯಲ್ಲಿ ಸುತ್ತತೊಡಗಿದ. ತನಗಿನ್ನು ಇದು ಯಾಕೆ, ನಿಮ್ಮ ಮನೆಯದು ನಿಮ್ಮ ಮನೆಗೇ ಹೋಗಲಿ ಎಂದ. ಹೇಮಾವತಿಗೆ ತನ್ನ ಕೋಣೆ ಕಣ್ಣಮುಂದೆ ಬಂತು. ಮಧ್ಯಾಹ್ನದ ಹೊತ್ತು, ಹೊಲಿಗೆ ಮಿಷನ್ನು, ಮೇಲೆ ಖಾಲಿ ಕೊಕ್ಕೆ, ಬಾಗಿಲಿಗೆ ಬೆನ್ನು ಮಾಡಿ ಕೂತ ಒಬ್ಬಳು ಹೆಂಗಸು.

‘ಬ್ಯಾಡ ತಿಮ್ಮಣ್ಣ. ಪ್ಲೇಟೂ ಇಲ್ಲೇ ಇರಲಿ. ನೀವಿಬ್ರೂ ಇದ್ದೀರಿ, ಕೂತು ಕೇಳ್ರಿ.’

ಅಂಜಿನಮ್ಮ ಅವಳ ಖಾಲಿ ಚೀಲಕ್ಕೆ ಒಂದು ಸೇರು ಶೇಂಗಾ ಸುರಿದಳು.

ದಾವಣಗೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬಿಸಿಲು ಇಳಿಯುತ್ತಿತ್ತು. ಕುರಿಗಳು ಈಗ ಮನೆಯ ಕಡೆ ಹೋಗುತ್ತಿದ್ದವು. ಊರು ದಾಟುವ ಹೊತ್ತಿಗೆ ಫೋನು ಸದ್ದು ಮಾಡಿತು. ಸಂಧ್ಯಾ ಬರೆದಿದ್ದಳು: ‘ಮಲಗಿದ ಅವ್ವಾ. ಆದ್ರೆ ಇದೂ ಅರ್ಧಾನೇ ಐತಲ್ಲ?’

ಹೇಮಾವತಿ ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದಳು: ‘ನಮ್ಮವ್ವಂದು ಇಷ್ಟೇ ಕಣೆ. ಉಳಿದದ್ದು ಬಂದಾಗ ಹೇಳಿಕೊಡ್ತೀನಿ. ಯಾವಾಗ ಬರ್ತೀರಿ?’

ಕಳಿಸಿ, ಫೋನನ್ನು ಶೇಂಗಾ ಚೀಲದ ಮೇಲಿಟ್ಟುಕೊಂಡು ನೋಡುತ್ತ ಕೂತಳು. ಉತ್ತರ ಬರಲಿಲ್ಲ. ಕೂಸು ಎದ್ದಿರಬೇಕು, ಇಲ್ಲವೇ ಒಲೆಯ ಮೇಲೆ ಏನೋ ಇರಬೇಕು. ಬಸ್ಸು ಏರು ಹತ್ತುತ್ತಿತ್ತು. ಅವಳು ಸೆರಗು ಹೊದ್ದುಕೊಂಡು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಗುನುಗತೊಡಗಿದಳು. ತುದಿಗೆ ಬಂದಾಗ, ಮುಂದಿನ ಮೂರು ಹೆಜ್ಜೆ ಗೊತ್ತಿದ್ದೂ, ಅಲ್ಲೇ ನಿಂತು ಹಿಂದಕ್ಕೆ ಬಂದಳು.